ಬಾಗಿಲಾಚೆ ಬಿಟ್ಟ ದೇವರು

ಓಕ್‌ವಿಲ್‌ನ ಕಾರು ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ದ್ಯಾಮಣ್ಣನಿಗೆ ಜಗಳವೆಂದರೆ ಜ್ವರ ಬಂದಂತಾಗುತ್ತಿತ್ತು. ತೊಂಬತ್ತರ ದಶಕದಲ್ಲಿ, ತನ್ನಂತೆಯೇ ಪರದೇಶಕ್ಕೆ ದುಡಿಯಲು ಬಂದ ಧಾರವಾಡ ಸೀಮೆಯ ಒಂದಿಷ್ಟು ಗಂಡಸರನ್ನು ಕೂಡಿಸಿ ಅಣ್ಣತಮ್ಮರ ಬಳಗ ಕಟ್ಟಿದವನು ಅವನೇ. ಶನಿವಾರ ಅವನ ಬೇಸ್‌ಮೆಂಟಿನಲ್ಲಿ ಒಂದೇ ದೊಡ್ಡ ತಾಟಿನ ಸುತ್ತ ಕೂತು ರೊಟ್ಟಿ ಮುರಿಯುವುದು ಪದ್ಧತಿ. ಲಿಂಗಪೂಜೆ ಬಿಡದ ಚನ್ನಬಸಯ್ಯನ ಕೈಯೂ, ದೇವರೇ ಇಲ್ಲವೆನ್ನುವ ಸತ್ಯಪ್ರಕಾಶನ ಕೈಯೂ ಆ ತಾಟಿಗೇ ಬರಬೇಕು.

“ಬೂಟಿನ ಜೋಡಿ ನಿಮ್ಮ ನಿಮ್ಮ ದೇವರನ್ನೂ ಬಾಗಲ ಹೊರಗ ಬಿಟ್ಟು ಬರ್ರಿ,” ಎನ್ನುತ್ತಿದ್ದ ದ್ಯಾಮಣ್ಣ. ಮರೆತು ಯಾರಾದರೂ ದೇವರ ಮಾತೆತ್ತಿದರೆ ಅವರ ಬಾಯಿಗೆ ತಾನೇ ರೊಟ್ಟಿ ತುರುಕುತ್ತಿದ್ದ. ಬಳಗ ಅಷ್ಟು ವರ್ಷ ಬಾಳಿದ್ದು ಹೀಗೆ.

ಬಳಗದ ಗದಿಗೆಪ್ಪ ಅವನ ಜೀವದ ಗೆಳೆಯ, ಒಬ್ಬಂಟಿ. ಒಂದು ಚಳಿಗಾಲ ಅವನ ಕೊರಳಲ್ಲಿ ಎಂದಿನ ಲಿಂಗ ಇರಲಿಲ್ಲ. ಶಿಫ್ಟ್ ಮುಗಿಸಿ ಇಬ್ಬರೂ ಕಾರಿನಲ್ಲಿ ಬರುವಾಗ ತಾನಾಗಿಯೇ ಬಾಯಿ ಬಿಟ್ಟ. “ದ್ಯಾಮಾ, ನಾ ಯಾಕ ಇದನ್ನ ತಗದೆ ಅಂದ್ರ…”

“ಬ್ಯಾಡೋ ಮಾರಾಯಾ. ನನಗ ಹೇಳಿದ್ರ ನಾ ಒಬ್ಬರ ಕಡೆ ಆಗಿಬಿಡ್ತೀನಿ.”

ಗದಿಗೆಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ. ಮತ್ತೆಂದೂ ಆ ಮಾತು ತೆಗೆಯಲಿಲ್ಲ.

೨೦೦೪ರ ಮಾರ್ಚಿನಲ್ಲಿ ಎದೆನೋವು ಬಂದು ಕೂತಲ್ಲೇ ಹೋಗಿಬಿಟ್ಟ. ಊರಲ್ಲಿ ಹತ್ತಿರದವರು ಯಾರೂ ಉಳಿದಿರಲಿಲ್ಲ. ಹೆಣ ಇಟ್ಟಿದ್ದ ಫ್ಯೂನರಲ್ ಹೋಮಿಗೆ ಚನ್ನಬಸಯ್ಯ ವಿಭೂತಿ ಹಿಡಿದೇ ಬಂದಿದ್ದ. “ಲಿಂಗವಂತರ ಮನಿ ಮಗ. ಮಣ್ಣಾಗ ಇಡಬೇಕು.”

“ಲಿಂಗ ತಗದಾಂವಗ ಅದ್ಯಾವ ಶಾಸ್ತ್ರ? ಸುಟ್ಟು ಸುಮ್ಮನ ಮುಗಸ್ರಿ,” ಎಂದ ಸತ್ಯಪ್ರಕಾಶ್.

ದನಿಗಳು ಏರಿದವು. ಇಷ್ಟು ವರ್ಷ ನುಂಗಿಕೊಂಡಿದ್ದನ್ನೆಲ್ಲ ಇಬ್ಬರೂ ಹೆಣದ ಮುಂದೆ ಕಾರಿಕೊಂಡರು. ಕೊನೆಗೆ ಎಲ್ಲರೂ ದ್ಯಾಮಣ್ಣನ ಕಡೆ ತಿರುಗಿದರು. “ನಿನ್ನ ಮುಂದ ಹೇಳಿರಬೇಕಲ್ಲ. ಅವಂಗ ಏನ್ ಬೇಕಾಗಿತ್ತು?” ಎಂದ ಚನ್ನಬಸಯ್ಯ.

ದ್ಯಾಮಣ್ಣನಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದರೆ ಬಳಗ ಅಲ್ಲೇ ಒಡೆಯುತ್ತಿತ್ತು.

“ಮಣ್ಣ ಮಾಡ್ರಿ ಅಂದಿದ್ದ,” ಎಂದ.

“ಅವನ ಮಾತ ಅಂದ್ರ ಮುಗೀತು ಬಿಡ್ರಿ,” ಎಂದು ಸತ್ಯಪ್ರಕಾಶ್ ಕಣ್ಣೊರೆಸಿಕೊಂಡ. ಮರುದಿನ ಅವನೂ ಚನ್ನಬಸಯ್ಯನೂ ಹೆಗಲಿಗೆ ಹೆಗಲು ಕೊಟ್ಟು ಪೆಟ್ಟಿಗೆ ಹೊತ್ತರು. ಗುಂಡಿಯ ಬಳಿ ಚನ್ನಬಸಯ್ಯ ದ್ಯಾಮಣ್ಣನ ಕೈ ಹಿಡಿದು, “ನೀ ಇದ್ದಿದ್ದಕ್ಕ ಬಳಗ ಉಳೀತು,” ಎಂದ.

ದ್ಯಾಮಣ್ಣ ಕೈ ಬಿಡಿಸಿಕೊಂಡು ಗುಂಡಿಯೊಳಗೆ ಇಣುಕಿದ. ಗೆಳೆಯ ಬೇಡವೆಂದದ್ದನ್ನೇ ಅವನ ಮೇಲೆ ಹೇರಿದೆನೋ ಏನೋ, ಇನ್ನು ಯಾರನ್ನು ಕೇಳುವುದು? ಹಿಮ ಕರಗಿ ನೆಲವೆಲ್ಲ ರಾಡಿಯಾಗಿತ್ತು. ಒಬ್ಬೊಬ್ಬರಾಗಿ ಬಂದು ಹಿಡಿ ಮಣ್ಣು ಹಾಕಿದರು. ಅವನೂ ಹಾಕಿದ.