ಆರು ಪಿನ್ನಿನ ಕರಿ ಕೋಟು

ಮೊನ್ನೆ ಸೀರೆ ಉಡುವಾಗ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನೊಂದು ಬೆರಳಿಗೆ ಚುಚ್ಚಿತು. ಥೂ, ಇಷ್ಟು ವರ್ಷವಾದರೂ ಪಿನ್ನು ಕಂಡರೆ ನನಗೆ ನಾಚಿಕೆ. ಮಿಸೌರಿ ಸಿಟಿಯ ಅಂಕಲ್ ನೆನಪಾಗುತ್ತಾರೆ...

ನಾನಾಗ ಹ್ಯೂಸ್ಟನ್‌ನಲ್ಲಿ ಓದುತ್ತಿದ್ದೆ, ಮಿಸೌರಿ ಸಿಟಿ ಅದರ ಪಕ್ಕದ ಊರು. ಶನಿವಾರ ಬಂತೆಂದರೆ ಅಂಕಲ್ ಮನೆಯಲ್ಲೇ, ಆಂಟಿಯ ಕೈ ಊಟ. ಅಂಕಲ್ ಧಾರವಾಡದವರು, ಪ್ರಾಯದಲ್ಲಿ ಲಂಡನ್ನಿನಲ್ಲಿದ್ದು ಬಂದವರು. ಬೋಳುತಲೆ, ಇಸ್ತ್ರಿ ಅಂಗಿ, ಮಾತು ಕಡಿಮೆ.

ನ್ಯೂಯಾರ್ಕಿನ ಎರಡು ಗೋಪುರಗಳು ಬಿದ್ದ ವರ್ಷದ ನವೆಂಬರ್. ಪೆಟ್ರೋಲ್ ಹಾಕಿಸುವಾಗ ಯಾರೋ ಅಂಕಲ್‌ಗೆ “ನಿನ್ನ ದೇಶಕ್ಕೆ ಹೋಗು” ಎಂದು ಕೂಗಿದ್ದ. ಇಂಥದರ ವಿರುದ್ಧ ಆಸ್ಟಿನ್‌ನಲ್ಲಿ ನಡೆಯಲಿದ್ದ ಮೆರವಣಿಗೆಗೆ ಹೋಗಲೇಬೇಕೆಂದು ಅವರು ಹಟ ಹಿಡಿದಿದ್ದರು. ಅದರ ಹಿಂದಿನ ದಿನ ನಮ್ಮ ರಾಜ್ಯೋತ್ಸವ. ಅಂಕಲ್ ಮನೆಯಲ್ಲೇ ಹನ್ನೆರಡು ಹುಡುಗಿಯರಿಗೆ ನೃತ್ಯದ ಸೀರೆ ಉಡಿಸುವ ಹೊಣೆ ನನ್ನದು. ಪಿನ್ನು ಸಾಲಲಿಲ್ಲ. “ಅಕ್ಕಾ, ವಿ ಆರ್ ಲೇಟ್!” ಎಂದು ಅವರ ಗಲಾಟೆ ಬೇರೆ. ಅಂಕಲ್ ಕಪಾಟಿನಲ್ಲಿ ಹಳೆಯ ಕರಿ ಕೋಟೊಂದು ಕಂಡಿತು, ಹರಿದ ತೋಳನ್ನು ಆರು ಪಿನ್ನು ಹಿಡಿದುಕೊಂಡಿದ್ದವು. ಆರನ್ನೂ ತೆಗೆದುಬಿಟ್ಟೆ. ಪಾಪ, ಹರಿದಿದೆಯಲ್ಲ ಎಂದು ಸೂಜಿ ದಾರ ತಂದು ತೋಳನ್ನು ಗಟ್ಟಿಯಾಗಿ ಹೊಲಿದೂಬಿಟ್ಟೆ. ಜಾಣೆ ಅಂದರೆ ನಾನೇ!

ಸಂಜೆ ಮೆರವಣಿಗೆಗೆಂದು ಕೋಟು ತೆಗೆದ ಅಂಕಲ್, ತೋಳನ್ನು ತಿರುಗಿಸಿ ನೋಡಿ ಪಿನ್ನುಗಳೆಲ್ಲಿ ಎಂದು ಕೇಳಿದರು. ನಡೆದದ್ದನ್ನು ಹೇಳಿದೆ. ಆಗ ಅವರು ಹೇಳಿದ್ದಿಷ್ಟು. ಎಪ್ಪತ್ತರ ದಶಕದ ಕೊನೆ. ಲಂಡನ್ನಿನಲ್ಲಿ ಹುಡುಗರಿಗೆ ಕೆಲಸವಿಲ್ಲ. ಪಂಕ್ ಎಂದು ಹೇಳಿಕೊಂಡು, ಹರಿದ ಬಟ್ಟೆಗೆ ಪಿನ್ನು ಚುಚ್ಚಿ, ರಾಣಿಯನ್ನೂ ಸರ್ಕಾರವನ್ನೂ ಬೈದು ಹಾಡುತ್ತಿದ್ದರು. ಅವರಲ್ಲಿ ಕೆಲವರು ನಮ್ಮವರನ್ನು ಹೊಡೆಯಲು ಬರುತ್ತಿದ್ದರು, ಕೆಲವರು ಹೊಡೆಯುವವರಿಗೆ ಅಡ್ಡ ನಿಲ್ಲುತ್ತಿದ್ದರು. ಹಾಗೆ ಅಡ್ಡ ನಿಂತ ಬಿಳಿ ಹುಡುಗನೊಬ್ಬ, ಗಲಾಟೆಯಲ್ಲಿ ಅಂಕಲ್ ಕೋಟು ಹರಿದಾಗ ತನ್ನ ಅಂಗಿಯ ಪಿನ್ನುಗಳನ್ನೇ ತೆಗೆದು ಜೋಡಿಸಿದ್ದ. ಅದೇ ದಿನ ಆಮೇಲೆ ತಲೆಗೆ ಬಿದ್ದ ಪೆಟ್ಟಿನಿಂದ ಅವನು ಮತ್ತೆ ಏಳಲೇ ಇಲ್ಲ.

“ಛಲೋ ಹೊಲ್ದೀ ಬಿಡವಾ,” ಎಂದರು ಅಂಕಲ್. “ಆದ್ರ ಅಂವ ಹೊಲಿಸಬ್ಯಾಡ ಅಂದಿದ್ದ... ಹರದದ್ದು ಮಂದಿಗೆ ಕಾಣ್ಲಿ ಅಂದಿದ್ದ.”

ಅಷ್ಟರಲ್ಲಿ ಹುಡುಗಿಯರು ಬಿಚ್ಚಿಕೊಟ್ಟ ಪಿನ್ನುಗಳೆಲ್ಲ ಆಂಟಿಯ ಡಬ್ಬಿಯಲ್ಲಿ ಬೆರೆತುಹೋಗಿದ್ದವು. ಅಂಕಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದನ್ನೇ ತಿರುಗಿಸಿ ನೋಡಿದರು. ಎಲ್ಲವೂ ಒಂದೇ ಥರ. ಮರುದಿನ ಅವರು ಆಸ್ಟಿನ್‌ಗೆ ಹೋಗಲಿಲ್ಲ. ಆಮೇಲೆ ಯಾವ ಮೆರವಣಿಗೆಗೂ ಹೋಗಲಿಲ್ಲ, ಯಾರಾದರೂ ಕೂಗಿದರೆ ತಲೆ ತಗ್ಗಿಸಿ ಕಾರು ಹತ್ತುತ್ತಿದ್ದರು.

ಅಂಕಲ್ ಈಗಿಲ್ಲ. “ನಿನಗೇ ಇರ್ಲಿ ತಗೋ,” ಎಂದು ಆಂಟಿ ಕೋಟನ್ನು ನನಗೇ ಕೊಟ್ಟರು. ಮೊನ್ನೆ ಪಿನ್ನು ಚುಚ್ಚಿದ ಮೇಲೆ ಕೂತು ನನ್ನ ಹೊಲಿಗೆಯನ್ನೆಲ್ಲ ಬಿಚ್ಚಿದೆ. ತೋಳು ಕಳಚಿ ಕೈಗೆ ಬಂತು. ಬಳೆಯಲ್ಲಿ ನಾಲ್ಕು ಪಿನ್ನುಗಳಿದ್ದವು... ಒಂದೂ ಆ ಹುಡುಗನದಲ್ಲ.