ಮಲ್ಲಟದ ಮನಿ

ಗೆಳೆಯರೇ, ರಾಯಚೂರಿನಲ್ಲಿ ಇವತ್ತು ಹೈಸ್ಕೂಲು ಇಂಗ್ಲಿಷ್ ಶಿಕ್ಷಕರ ತರಬೇತಿ ಇತ್ತು. ಕನ್ನಡ ಮಾತಾಡುವಂತಿಲ್ಲ ಎಂದು ಬೆಳಿಗ್ಗೆಯೇ ಅಪ್ಪಣೆಯಾಗಿತ್ತು. ನಿವೃತ್ತಿ ಹತ್ತಿರವಿರುವ ಶರಣಪ್ಪ ಸರ್ ತಮ್ಮೂರು ಮಲ್ಲಟದಿಂದ ತಡವಾಗಿ ಬಂದು ನನ್ನ ಪಕ್ಕ ಕೂತರು. ಬೆಂಗಳೂರಿನ ತರಬೇತುದಾರರು ಕಾರಣ ಕೇಳಿದಾಗ ಗಡಿಬಿಡಿಯಲ್ಲಿ, "ಮೈ ಮನಿ ಈಸ್ ಇನ್ ಮಲ್ಲಟ, ಸರ್," ಎಂದುಬಿಟ್ಟರು.

"ಓಹೋ, ದುಡ್ಡೆಲ್ಲ ಮಲ್ಲಟದಲ್ಲಿ ಇಟ್ಟಿದ್ದೀರಾ?" ಎಂದು ತರಬೇತುದಾರರೇ ಕನ್ನಡಕ್ಕೆ ಇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ತರಬೇತುದಾರರು ನನ್ನತ್ತ ತಿರುಗಿ, "ನೀವೂ ಈ ಕಡೆಯವರೇ ಅಲ್ವಾ ಮೇಡಂ? ಮನೆಗೆ ಏನಂತೀರಿ?" ಎಂದರು.

ನಾನು ಹುಟ್ಟಿ ಬೆಳೆದದ್ದು ದೇವದುರ್ಗದಲ್ಲಿ. ನಮ್ಮಲ್ಲಿ ಯಾರೂ 'ಮನಿ' ಬಿಟ್ಟು ಬೇರೇನೂ ಅಂದದ್ದಿಲ್ಲ. ಆದರೂ "ಮನೆ ಅಂತೀವಿ ಸರ್," ಎಂದೆ. ಶರಣಪ್ಪ ಸರ್ ತಲೆ ತಗ್ಗಿಸಿ ಪೆನ್ನಿನ ಟೊಪ್ಪಿಗೆ ತೆಗೆದು ಹಾಕಿ ಮಾಡತೊಡಗಿದರು.

ಸಂಜೆ ದೇವದುರ್ಗದ ಬಸ್ಸಿಗೆ ಜನ ಮುಗಿಬಿದ್ದಾಗ ನಾನು ಎಂದಿನಂತೆ ಹಿಂದೆ ಸರಿದು ನಿಂತೆ. ಕಿಟಕಿಯಿಂದ ಟವೆಲ್ ಎಸೆದು ನನಗೆ ಸೀಟು ಹಿಡಿದವರು ಶರಣಪ್ಪ ಸರ್. ಅವರ ಬಸ್ಸು ಬೇರೆ, ಮಾನ್ವಿ ಕಡೆಯದು.

"ಲಗೂ ಏರವ್ವಾ, ಟವೆಲ್ ಹಾಕೀನಿ. ಹೊತ್ತು ಮುಳುಗೂದ್ರಾಗ ಮನಿ..." ಎಂದವರು ತಡೆದು, "ಮನೆ ಮುಟ್ಟು," ಎಂದರು.

ಏರಿ, ಕಿಟಕಿಯಿಂದ ಟವೆಲ್ ಚಾಚಿ ಕೊಟ್ಟೆ. "ತಪ್ಪಾತ್ರೀ ಸರ್" ಎನ್ನಬೇಕಿತ್ತು. ಬಾಯಿಗೆ ಬಂದದ್ದು "ಥ್ಯಾಂಕ್ಯೂ ಸರ್".

ತರಬೇತಿ ಫಲ ಕೊಟ್ಟಿದೆ.