ಜಾವಾಕ್ಕೆ ಹೊರಟ ತೊಗರಿಬೇಳೆ

ನನಗೆ ಮೊಂಡಿ ಎಂಬ ಹೆಸರು ಬಿದ್ದದ್ದು ಕಲಬುರ್ಗಿಯ ಗಂಜಿನಲ್ಲಿ, ಅಂದರೆ ಕಾಳುಕಡಿಯ ಪೇಟೆಯಲ್ಲಿ. ಇಟ್ಟವರು ಅಂಗಡಿಯ ಸಾವ್ಕಾರರು, ಬಾಯಿತುಂಬ ಕರೆದವಳು ನನ್ನ ಹೆತ್ತ ತಾಯಿ. ಇಬ್ಬರ ಮೇಲೂ ನನಗೆ ಸಿಟ್ಟಿಲ್ಲ. ಆ ಕಾಲದಲ್ಲಿ ಮೊಂಡಿಯಾಗದೆ ಇನ್ನೇನಾಗಬೇಕಿತ್ತು?

ಎರಡನೆಯ ಮಹಾಯುದ್ಧ ಮುಗಿದ ಚಳಿಗಾಲ ಅದು. ಗಂಡ ತೀರಿಹೋಗಿ ನಾನು ಕಮಲಾಪುರದ ತವರಿಗೆ ಮರಳಿದ್ದೆ. ತೊಗರಿ ಸುಗ್ಗಿ ಬಂತೆಂದರೆ ಅವ್ವ, ನಾನು ಇಬ್ಬರೂ ಕಲಬುರ್ಗಿಗೆ ಬಂದು, ಗಂಜಿನ ಹತ್ತಿರ ಒಂದು ಖೋಲಿ ಹಿಡಿದು, ಸಾವ್ಕಾರರಲ್ಲಿ ಬೇಳೆ ಹಸನು ಮಾಡುವ ಕೆಲಸಕ್ಕೆ ಕೂಡುತ್ತಿದ್ದೆವು. ನನ್ನ ತಮ್ಮ ಜೊತೆಗಿರಲಿಲ್ಲ. ಹೊಟ್ಟೆತುಂಬ ಊಟ ಸಿಗುತ್ತದೆಂದು ಸೊಲ್ಲಾಪುರಕ್ಕೆ ಹೋಗಿ ಇಂಗ್ಲಿಷರ ಫೌಜಿಗೆ ಸೇರಿದ್ದ. ಯುದ್ಧ ಮುಗಿಯಿತು, ಇನ್ನೇನು ಬಂದೇಬಿಟ್ಟ ಎಂದು ಅವ್ವ ದಾರಿ ಕಾಯುತ್ತಿದ್ದಳು. ಬಂದದ್ದು ಅವನಲ್ಲ, ಅವನ ಜೊತೆಗಿದ್ದ, ಕಾಲಿಗೆ ಪೆಟ್ಟು ಬಿದ್ದ ಒಬ್ಬ ಸಿಪಾಯಿ. ಕಮಲಾಪುರದ ಸಂತೆಯಲ್ಲಿ ಅವ್ವನನ್ನು ಕಂಡು, "ನಿಮ್ಮ ಮಗನ ಪಲ್ಟನ್ ಜಾವಾಕ್ಕ ಹೋಗ್ಯಾದರೀ" ಎಂದು ಹೇಳಿ ಕುಂಟುತ್ತ ಹೋದ.

ಜಾವಾ ಮೂಡಲಕ್ಕಿದೆಯೋ ಪಡುವಲಕ್ಕಿದೆಯೋ ನಮಗೇನು ಗೊತ್ತು? ಅಂಗಡಿಯ ಗುಮಾಸ್ತ ಸೊಲ್ಲಾಪುರದ ಪೇಪರು ತರಿಸುತ್ತಿದ್ದ. ನಾವು ಬುತ್ತಿ ಬಿಚ್ಚುವ ಹೊತ್ತಿಗೆ ಓದಿ ಹೇಳುತ್ತಿದ್ದ. ಜಪಾನಿನವರು ಸೋತ ಕೂಡಲೇ ಜಾವಾದ ಜನ ನಮ್ಮ ನಾಡು ನಮ್ಮದು ಎಂದು ಸಾರಿದ್ದರಂತೆ. ಮೊದಲು ಆಳುತ್ತಿದ್ದ ಡಚ್ಚರು, ಅದೆಲ್ಲ ಆಗದು, ನಾವೇ ದೊರೆಗಳು ಎಂದು ತಿರುಗಿ ಹೊರಟಿದ್ದರಂತೆ. ಅವರಿಗೆ ದಾರಿ ಮಾಡಿಕೊಡಲು ಇಂಗ್ಲಿಷರು ನಮ್ಮ ಸಿಪಾಯಿಗಳನ್ನು ಮುಂದೆ ಬಿಟ್ಟಿದ್ದರು. ಅಲ್ಲಿಯ ಜನ ಬಿದಿರಿನ ಕೋಲು ಚೂಪು ಮಾಡಿಕೊಂಡು ಬಂದೂಕಿಗೆ ಎದುರು ನಿಂತಿದ್ದರಂತೆ.

ಜಾವಾದ ಸುದ್ದಿ ಎಂದರೆ ಗಂಜಿನಲ್ಲಿ ಎಲ್ಲರಿಗೂ ಕಿವಿ ನೆಟ್ಟಗಾಗುತ್ತಿತ್ತು. ಕಾರಣ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ. ನಮ್ಮ ನಾಡಿನ ಬಗ್ಗೆ, ನಮ್ಮ ಸಂಸ್ಥಾನದ ದೊರೆಯ ಬಗ್ಗೆ ಹಾಗೆ ಮಾತಾಡಿದರೆ ಜೈಲು. ಜಾವಾದ ಬಗ್ಗೆ ಎಷ್ಟು ಬೇಕಾದರೂ ಆಡಬಹುದಿತ್ತು. ಮಗಳಿಗೆ ಹೇಳಿ ಸೊಸೆಗೆ ಮುಟ್ಟಿಸಿದ ಹಾಗೆ, ಹಮಾಲರು, ನಾವು ಹೆಂಗಸರು, ಎಲ್ಲ ಜಾವಾದವರ ಪರವಾಗಿ ದಿನವೂ ಜಗಳ ಆಡುತ್ತಿದ್ದೆವು.

ಒಂದು ಬೆಳಿಗ್ಗೆ ಗುಮಾಸ್ತ, "ಇವತ್ತಿಂದು ಫೌಜಿನ ಮಾಲು. ಮುಂಬೈಗಿ ಹೋಗಿ, ಅಲ್ಲಿಂದ ಹಡಗದಾಗ ಜಾವಾಕ್ಕ" ಎಂದ. ಅವ್ವನ ಮುಖ ಅರಳಿತು. ಮಗನಿಗೆ ತಾನೇ ಅಡಿಗೆ ಮಾಡಿ ಬಡಿಸುವಳಂತೆ ಒಂದೊಂದೇ ಹರಳು ಹುಡುಕಿ ತೆಗೆಯತೊಡಗಿದಳು. ನಾನು ಪಕ್ಕದಲ್ಲೇ ಮೊರ ಹಿಡಿದು ಕೂತು ಬಿದಿರಿನ ಕೋಲಿನವರನ್ನು ನೆನೆಯುತ್ತಿದ್ದೆ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಚೀಲ ತುಂಬಿದ ಮೇಲೆ, ಅದರ ಬೇಳೆ ಹಸನು ಮಾಡಿದ ಹೆಂಗಸು ಒಂದು ಮುಷ್ಟಿ ತೆಗೆದು ಮಠದ ದಾಸೋಹದ ಕೊಡಕ್ಕೆ ಹಾಕಬೇಕು. ಆಮೇಲೆಯೇ ಹಮಾಲ ದಬ್ಬಣ ಎತ್ತಿ ಬಾಯಿ ಹೊಲಿಯುವುದು. ಮುಷ್ಟಿ ತೆಗೆಯದ ಚೀಲ ಹೊಲಿದವನ ಮನೆಗೆ ಹುಳ ಬೀಳುತ್ತದೆ ಎಂಬ ಮಾತಿತ್ತು. ಸಾವ್ಕಾರರಿಗಂತೂ ಅದರಲ್ಲಿ ಬಲು ನಂಬಿಕೆ.

ನನ್ನ ಚೀಲ ತುಂಬಿತು. ಹಮಾಲ ದಬ್ಬಣಕ್ಕೆ ಸುತಳಿ ಪೋಣಿಸಿ ನಿಂತ. ನಾನು ಕೈಯನ್ನು ಮಡಿಲಲ್ಲೇ ಇಟ್ಟುಕೊಂಡೆ.

"ತೆಗಿ ಯವ್ವಾ, ಮುಷ್ಟಿ" ಎಂದ ಅವನು.

"ತೆಗಿಯಂಗಿಲ್ಲಣ್ಣ. ಮಂದಿ ಮನಿ ಕಸಗೊಳ್ಳಾಕ ಹೊಂಟ ಬ್ಯಾಳಿ ಇದು. ದಾಸೋಹಕ್ಕ ಆಗಂಗಿಲ್ಲ."

ನಮ್ಮ ಸಾಲಿಗೆ ಹಿರಿಯಳಾದ ಮುದುಕಿಯೊಬ್ಬಳಿದ್ದಳು. ಎಲ್ಲರೂ ಅವಳಿಗೆ ಆಯಿ ಎನ್ನುತ್ತಿದ್ದರು. ಅವಳು ನನ್ನನ್ನು ನೋಡಿದಳು, ಚೀಲ ನೋಡಿದಳು, ತನ್ನ ಕೈಯನ್ನೂ ಸೆರಗಿನೊಳಗೆ ಎಳೆದುಕೊಂಡಳು. ಆಮೇಲೆ ಒಬ್ಬೊಬ್ಬರೇ ಹಾಗೆಯೇ ಮಾಡಿದರು. ಹಮಾಲರು ದಬ್ಬಣ ಕೆಳಗಿಟ್ಟು ಬೀಡಿ ಹಚ್ಚಿದರು. ಚೀಲಗಳು ಬಾಯಿ ತೆರೆದುಕೊಂಡು ನಿಂತವು.

ಸಾವ್ಕಾರರು ಓಡಿ ಬಂದರು. ಮೊಂಡಿ ಎಂದು ನನ್ನನ್ನು ಗದರಿದರು, ರಮಿಸಿದರು, ಕೊನೆಗೆ ತಾವೇ ಚೀಲದೊಳಗೆ ಕೈ ಹಾಕಿದರು.

"ತೆಗೀರಿ, ಬ್ಯಾಡ ಅನ್ನಂಗಿಲ್ಲ" ಎಂದಳು ಆಯಿ. "ಆದರ ಪಂಗತಿಗಿ ಕುಂತವರಿಗಿ ಇದು ಯಾವ ಬ್ಯಾಳಿ ಅಂತ ನೀವ ಹೇಳ್ರಿ ಸಾವ್ಕಾರ್ರ."

ಸಾವ್ಕಾರರ ಕೈ ಬರಿದಾಗಿಯೇ ಹೊರಗೆ ಬಂತು. ಹಣೆಯ ತುಂಬ ವಿಭೂತಿ ಹಚ್ಚಿಕೊಂಡ ಮನುಷ್ಯ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವರ ಹಾಗೆ ನಿಂತುಬಿಟ್ಟರು. ನನಗೆ ಅವರ ಮೇಲೆ ಕನಿಕರ ಬರಲಿಲ್ಲ, ಖುಷಿಯಾಯಿತು.

ಮಧ್ಯಾಹ್ನಕ್ಕೆ ಅಮೀನ್ ಸಾಹೇಬರು ಬಂದರು. ಅವರು ಪೊಲೀಸು ಅಧಿಕಾರಿ. ಹರತಾಳ ಮಾಡಿದ್ದರೆ ಎಲ್ಲರನ್ನೂ ಎಳೆದುಕೊಂಡು ಹೋಗುತ್ತಿದ್ದರು. ಇಲ್ಲಿ ಎಲ್ಲರೂ ಮೊರ ಹಿಡಿದು ಬೇಳೆ ಕೇರುತ್ತಲೇ ಇದ್ದೆವು.

"ಕ್ಯಾ ತಮಾಷಾ ಹೈ ಇದು? ಮುಷ್ಟಿ ತೆಗೀರಿ, ಸರ್ಕಾರಿ ಹುಕುಂ" ಎಂದರು.

"ಹುಕುಂ ಕೊಟ್ಟು ತೆಗಿಸಿದ್ದಕ್ಕ ದಾನ ಅನ್ನಂಗಿಲ್ಲರೀ ಸಾಹೇಬ" ಎಂದಳು ಆಯಿ, ಕೈಯ ಮೊರ ನಿಲ್ಲಿಸದೆ.

ಹಮಾಲರ ಕಡೆಯಿಂದ ನಗು ಕೇಳಿತು. ಅಷ್ಟರಲ್ಲಿ ಅವ್ವ ಎದ್ದಳು. ಅಲ್ಲಿಯವರೆಗೆ ತಲೆ ಬಗ್ಗಿಸಿ ಹರಳು ಆರಿಸುತ್ತಲೇ ಇದ್ದಳು. ತನ್ನ ಚೀಲದ ಹತ್ತಿರ ಹೋಗಿ, ಎಲ್ಲರೂ ನೋಡುತ್ತಿರುವಂತೆ ಒಂದು ಮುಷ್ಟಿ ಬೇಳೆ ತೆಗೆದು ಕೊಡಕ್ಕೆ ಹಾಕಿದಳು.

"ಹೊಲಿ" ಎಂದಳು ಹಮಾಲನಿಗೆ. ನನ್ನ ಕಡೆ ತಿರುಗಿ, "ಮೊಂಡಿ, ನಿನ್ನ ತಮ್ಮ ಉಣ್ಣೋ ಬ್ಯಾಳಿ ಅದ ಇದು. ಬೆನ್ನಿಗಿ ಬಿದ್ದವನ ಹೊಟ್ಟಿ ಮ್ಯಾಲ ಹೊಡೀತಿಯೇನ?" ಎಂದಳು.

ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು, ಅವನ ಹಸಿವು ನನಗೆ ಗೊತ್ತಿಲ್ಲದ್ದಲ್ಲ. ಕಣ್ಣಲ್ಲಿ ನೀರು ಬಂತು. ಆದರೂ ಕೈ ಮಡಿಲು ಬಿಟ್ಟು ಏಳಲಿಲ್ಲ.

ಮಾಲು ಒಯ್ಯಲು ಬಂದಿದ್ದ ಫೌಜಿನ ಕಂತ್ರಾಟುದಾರ ಕಾದು ಕಾದು, ಅವ್ವನ ಒಂದು ಚೀಲ ಲಾರಿಗೆ ಹಾಕಿಕೊಂಡು ಉಳಿದದ್ದನ್ನು ಬೇರೆ ಊರಲ್ಲಿ ಕೊಳ್ಳಲು ಹೋದ. ಜಾವಾದ ಯುದ್ಧವೇನೂ ನಿಲ್ಲಲಿಲ್ಲ. ನನ್ನ ಕೆಲಸ ನಿಂತಿತು. ಕಮಲಾಪುರದಲ್ಲಿ ಅವ್ವ, ನಾನು ಒಂದೇ ಒಲೆಯ ಮುಂದೆ ಕೂತು, ಬೆಕ್ಕಿನ ಜೊತೆ ಆಡುವಷ್ಟು ಮಾತನ್ನೂ ಆಡದೆ ತಿಂಗಳುಗಟ್ಟಲೆ ಕಳೆದೆವು.

ತಮ್ಮ ಬಂದದ್ದು ಮುಂದಿನ ವರ್ಷ. ಸೊರಗಿದ್ದ, ಜೀವಕ್ಕೇನೂ ಆಗಿರಲಿಲ್ಲ. ಅವ್ವ ರೊಟ್ಟಿ ಬಡಿದು, ಬೇಳೆ ಕುದಿಸಿ, ಬಡಿಸುತ್ತ ಬಡಿಸುತ್ತಲೇ ನನ್ನ ಮೇಲಿನ ದೂರು ತೆಗೆದಳು. "ಎಲ್ಲಾರು ನಿನ್ನ ತುತ್ತು ತಡದರು. ನಾ ಒಬ್ಬಾಕಿನೇ ಕಳಿಸೀನಿ" ಎಂದಳು.

ತಮ್ಮ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಅಲ್ಲಿ ಮನಿ ಹಿಂದ ಬಾಳಿ ಹಚ್ಚತಾರವ್ವ, ನಮ್ಮ ಕಮಲಾಪುರದಂಗ" ಎಂದ. "ಅಂಥ ಬಾಳಿ ಗಿಡದ ನಡುವ ಒಬ್ಬ ಕೋಲು ಹಿಡಕೊಂಡು ನಿಂತಿದ್ದ. ಗುಂಡ ಹಾಕಿ ಕೆಡವೀನಿ. ಅಕ್ಕ ಅವರ ಮಾರಿ ನೋಡಿದಾಕಿ ಅಲ್ಲ. ನಾ ನೋಡೀನಿ. ನೋಡಿನೂ ಹೊಡದೀನಿ."

"ನಿನ್ನ ಜೀವ ಉಳೀಲಿ ಅಂತ ಕಳಿಸೀನೋ ಅಪ್ಪ" ಎಂದಳು ಅವ್ವ.

"ಉಳದೀನಲ್ಲ" ಎಂದು ತಮ್ಮ ತಾಟು ಬಿಟ್ಟು ಎದ್ದ.

ನಾನು ಗೆದ್ದೆ ಎಂದು ನನಗೆ ಅನ್ನಿಸಲಿಲ್ಲ. ಆದರೆ ಮಾಡಿದ್ದು ತಪ್ಪೆಂದು ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸುವುದಿಲ್ಲ. ಅವನು ಉಪವಾಸ ಬೀಳುತ್ತಾನೆ ಎಂದು ಖಚಿತವಾಗಿ ಗೊತ್ತಿದ್ದರೂ ನಾನು ಆ ಮುಷ್ಟಿ ತೆಗೆಯುತ್ತಿರಲಿಲ್ಲ.

ದೊರೆಯ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್‌ಗೆ ಮುಂಚಿನ ಸುಗ್ಗಿ. ದೊರೆಯ ಪರವಾಗಿ ಬಂದೂಕು ಹಿಡಿದವರು ಊರೂರು ತಿರುಗಿ ಮನೆ ಸುಡುತ್ತಿದ್ದ ಕಾಲ. ಅವ್ವ, ನಾನು ಗಂಜಿನ ಬೇರೊಂದು ಅಂಗಡಿಯಲ್ಲಿ ಕೆಲಸಕ್ಕಿದ್ದೆವು. ಬಾಗಿಲಲ್ಲಿ ಅಂಥವರೇ ಇಬ್ಬರು ಚೀಲ ಒಯ್ಯಲು ಬಂದು ನಿಂತಿದ್ದರು. ಅವ್ವನ ಚೀಲ ಮೊದಲು ತುಂಬಿತು, ಹಮಾಲ ಮುಷ್ಟಿಗಾಗಿ ಕಾದು ನಿಂತ.

"ಯಾರಿಗಿ ಹೋಗ್ತದರೀ ಇದು?" ಎಂದು ಕೇಳಿದಳು ಅವ್ವ.

ಅಂಗಡಿಯವರು ಬಾಗಿಲ ಕಡೆ ನೋಡಿದರು. ಅವ್ವ ಕೈಗಂಟಿದ ಬೇಳೆಯ ಹುಡಿ ಝಾಡಿಸಿದಳು. ಆ ಇಬ್ಬರನ್ನು ನೋಡುತ್ತಲೇ ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ಕೂತಳು.